ಎರವಲು ಮಾತೂ ಸ್ವಂತ ಸಾಕ್ಷಿಯೂ

(ಓದತಕ್ಕ ವೇದಭಾಗ: 2 ಕೊರಿಂಥದವರಿಗೆ 3ನೆಯ ಅಧ್ಯಾಯ, 1ರಿಂದ 6ನೆಯ ವಚನದ ವರೆಗೆ)



ಮೇಲೆ ಸೂಚಿಸಿದ ವೇದಭಾಗವನ್ನು ಮೊದಲು ಓದಿರಿ. ಮನೆಯಲ್ಲಿ ಓದಬಲ್ಲವರು ಒಬ್ಬರೇ ಇದ್ದರೆ ಅವರು ಗಟ್ಟಿಯಾಗಿ ಓದಲಿ, ಉಳಿದವರು ಕಿವಿಗೊಟ್ಟು ಕೇಳಲಿ. ಅಲ್ಲಿ ಪೌಲನು ಒಂದು ವಿಚಿತ್ರವಾದ ಪತ್ರದ ಸಂಗತಿಯನ್ನು ಹೇಳುತ್ತಾನೆ. ಅದು ಕಾಗದವಿಲ್ಲದ, ಮಸಿಯಿಲ್ಲದ ಪತ್ರ. ಕೊರಿಂಥದ ವಿಶ್ವಾಸಿಗಳೇ ಆ ಪತ್ರವಾಗಿದ್ದರು. ಅದನ್ನು ಬರೆಯಿಸಿದವನು ಕ್ರಿಸ್ತನು. ದಾರಿಯಲ್ಲಿ ಹೋಗುವ ಯಾರಾದರೂ ಅದನ್ನು ಓದಬಹುದಾಗಿತ್ತು. ಹಾಗಾದರೆ ನನ್ನಲ್ಲಿ ಜನರು ಏನು ಓದುತ್ತಾರೆ? ಈ ಪ್ರಶ್ನೆಯನ್ನು ನನಗೆ ಹಾಕಿದವಳು ಅಕ್ಷರವನ್ನೇ ಅರಿಯದ ಒಬ್ಬ ಅಜ್ಜಿಯು.

ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯಲ್ಲಿ ಸಂಜೆಯ ಪ್ರಾರ್ಥನೆಗೆ ಕೂಡಿದ್ದೆವು. ಹಗಲೆಲ್ಲಾ ಕಳೆ ಕಿತ್ತು ದಣಿದ ಜನರು ಗೋಡೆಗೆ ಒರಗಿ ಕೂತಿದ್ದರು. ನಾನು ಕ್ಷಮೆಯನ್ನು ಕುರಿತು ಅಚ್ಚಾಗಿದ್ದ ಒಂದು ಒಳ್ಳೇ ಪ್ರಸಂಗವನ್ನು ಲಾಟೀನಿನ ಬೆಳಕಿನಲ್ಲಿ ಓದಿ ಮುಗಿಸಿದೆನು. ಪ್ರಾರ್ಥನೆಯಾಗಿ ಎಲ್ಲರೂ ಎದ್ದ ಮೇಲೆ ಆ ಅಜ್ಜಿಯು ಬಾಗಲಲ್ಲಿ ನಿಂತು, “ಅಯ್ಯನವರೇ, ಪುಸ್ತಕದ ಮಾತು ಬಲು ಚೆನ್ನಾಗಿತ್ತು. ನೀವು ಯಾರನ್ನ ಕ್ಷಮಿಸಿದಿರಿ, ಅದನ್ನೂ ಒಂದಿಷ್ಟು ಹೇಳಿ” ಅಂದಳು. ಅವಳು ಕುಂದು ಹುಡುಕಬೇಕೆಂದು ಕೇಳಲಿಲ್ಲ, ಕಲಿಯಬೇಕೆಂದು ಕೇಳಿದಳು. ಆದರೆ ನನ್ನ ಬಾಯಿ ಕಟ್ಟಿಹೋಯಿತು. ಯಾಕಂದರೆ ಒಂದು ಹೊಲದ ಬದುವಿನ ನಿಮಿತ್ತ ನಾನು ನನ್ನ ಒಡಹುಟ್ಟಿದ ಅಣ್ಣನ ಸಂಗಡ ನಾಲ್ಕು ವರುಷಗಳಿಂದ ಮಾತಾಡಿರಲಿಲ್ಲ. “ಹೊತ್ತಾಯಿತು ಅಜ್ಜಿ, ಇನ್ನೊಂದು ದಿನ ಹೇಳುತ್ತೇನೆ” ಎಂದು ಹೊರಟುಬಂದೆನು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸೆಮಿನರಿಯಲ್ಲಿ ಸಭಾಚರಿತ್ರೆಯನ್ನು ಕಲಿಯುವಾಗ ಪರೀಕ್ಷೆಗೋಸ್ಕರ ಬಾಯಿಪಾಠ ಮಾಡಿದ್ದ ಒಂದು ಸಂಗತಿಯು ನೆನಪಿಗೆ ಬಂತು. ಅದು ಇಂಗ್ಲೆಂಡ್ ದೇಶದಲ್ಲಿ 1652ನೆಯ ಇಸವಿಯಲ್ಲಿ ಒಬ್ಬ ಸ್ತ್ರೀಗೆ ಇಂಥದೇ ಪ್ರಶ್ನೆಯು ತಗಲಿದ ಸಂಗತಿ. ಅವಳ ಮತ್ತು ಅವಳ ಜೊತೆಯವರ ವೃತ್ತಾಂತವನ್ನು ನಿಮ್ಮ ಮುಂದೆ ಇಡಬೇಕೆಂದು ಆಶಿಸುತ್ತೇನೆ.

ಆ ಸ್ತ್ರೀಯ ಹೆಸರು ಮಾರ್ಗರೆಟ್ ಫೆಲ್. ಅವಳು ಆ ದೇಶದ ಉತ್ತರ ಭಾಗದಲ್ಲಿ ಸ್ವಾರ್ಥ್‌ಮೂರ್ ಎಂಬ ದೊಡ್ಡ ಮನೆಯ ಯಜಮಾನಿಯು, ಒಬ್ಬ ನ್ಯಾಯಾಧಿಪತಿಯ ಹೆಂಡತಿಯು, ಭಕ್ತಿಯುಳ್ಳವಳು, ಬೋಧಕರನ್ನು ಸತ್ಕರಿಸುವವಳು. ಆ ವರುಷ ಅವಳ ಮನೆಗೆ ಜಾರ್ಜ್ ಫಾಕ್ಸ್ ಎಂಬ ಸುಮಾರು 28 ವರುಷದ ಮನುಷ್ಯನು ಬಂದನು. ಅವನು ನೇಕಾರನ ಮಗನು. ಹುಡುಗತನದಲ್ಲಿ ಪಾದರಕ್ಷೆ ಹೊಲಿಯುವ ಕೆಲಸವನ್ನೂ ಕುರಿ ಕಾಯುವ ಕೆಲಸವನ್ನೂ ಕಲಿತವನು. ದೇವರ ಸಮಾಧಾನವನ್ನು ಹುಡುಕುತ್ತಾ ಪಾದ್ರಿಯಿಂದ ಪಾದ್ರಿಯ ಬಳಿಗೆ ಅಲೆದು, ಎಲ್ಲಿಯೂ ಕಾಣದೆ, ಕಡೆಗೆ 1647ನೆಯ ಇಸವಿಯಲ್ಲಿ ಮನುಷ್ಯರ ಮೇಲಿನ ನಿರೀಕ್ಷೆಯೆಲ್ಲಾ ಮುಗಿದುಹೋದಾಗ, ತನ್ನ ಸ್ಥಿತಿಯನ್ನು ಅರಿತು ಮಾತಾಡಬಲ್ಲವನು ಯೇಸು ಕ್ರಿಸ್ತನೊಬ್ಬನೇ ಎಂದು ತನ್ನೊಳಗೇ ಕಂಡುಕೊಂಡವನು. ಲೋಕಕ್ಕೆ ಬರುವ ಪ್ರತಿ ಮನುಷ್ಯನನ್ನು ಬೆಳಗಿಸುವ ಬೆಳಕೆಂದು ಯೋಹಾನನು ತನ್ನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಯಾವದನ್ನು ಸಾರಿದನೋ ಆ ಬೆಳಕಿನ ಕಡೆಗೆ ಎಲ್ಲರನ್ನು ತಿರುಗಿಸುವದೇ ಅವನ ಕೆಲಸವಾಯಿತು.

ಸಮೀಪದ ಅಲ್ವರ್‌ಸ್ಟನ್ ಎಂಬ ಊರಿನ ದೇವಾಲಯದಲ್ಲಿ ಜನರು ಕೂಡಿದ್ದಾಗ ಫಾಕ್ಸನು ಅಪ್ಪಣೆ ಕೇಳಿ ಎದ್ದು ಮಾತಾಡಿದನು. ಕ್ರಿಸ್ತನು ಹೀಗೆ ಹೇಳಿದನು, ಅಪೊಸ್ತಲರು ಹಾಗೆ ಹೇಳಿದರು ಎಂದು ನೀವೆಲ್ಲರೂ ಹೇಳುತ್ತೀರಿ. ಆದರೆ ನಿಮ್ಮ ಪಾಲಿನದಾಗಿ ನೀವು ಹೇಳತಕ್ಕದ್ದು ಏನಿದೆ, ನೀವು ಬೆಳಕಿನ ಮಕ್ಕಳಾಗಿ ನಡೆದಿದ್ದೀರೋ ಎಂಬದಾಗಿ ಅವನು ಕೇಳಿದನು. ಮಾರ್ಗರೆಟಳು ತನ್ನ ಆಸನದಿಂದ ಎದ್ದು ನಿಂತಿದ್ದಳು. ಆ ಮಾತು ಅವಳ ಹೃದಯವನ್ನು ಸೀಳಿತು. ನಾವೆಲ್ಲರೂ ಕಳ್ಳರು, ವೇದದ ಮಾತುಗಳನ್ನು ಬಾಯಲ್ಲಿ ತಕ್ಕೊಂಡೆವು, ಅವುಗಳ ಸಾರವನ್ನು ನಮ್ಮೊಳಗೆ ಅರಿಯೆವು ಎಂದು ಮನಸ್ಸಿನಲ್ಲಿ ಮೊರೆಯಿಡುತ್ತಾ ಅವಳು ತಿರಿಗಿ ಕೂತು ಬಹಳವಾಗಿ ಅತ್ತಳು. ಈ ಸಂಗತಿಯನ್ನು ಅವಳೇ ಮುಪ್ಪಿನಲ್ಲಿ ಬರೆದಿಟ್ಟಳು; ಫಾಕ್ಸನ ದಿನಚರಿಯ ಪುಸ್ತಕವು 1694ರಲ್ಲಿ ಅಚ್ಚಾದಾಗ ಅದೂ ಅದರೊಂದಿಗೆ ಅಚ್ಚಾಯಿತು.

ಪ್ರಿಯರೇ, ಅವಳು ಕೊಲೆಗಾರಳಲ್ಲ, ವಿಗ್ರಹ ಪೂಜಿಸಿದವಳಲ್ಲ. ಆದಿತ್ಯವಾರ ತಪ್ಪದೆ ದೇವಾಲಯಕ್ಕೆ ಹೋಗುತ್ತಿದ್ದವಳು. ಅಂಥವಳು ತನ್ನನ್ನು ಕಳ್ಳಿಯೆಂದುಕೊಂಡಳು. ನೆರೆಮನೆಯಿಂದ ಎರವಲು ತಂದ ಒಡವೆಯನ್ನು ಮದುವೆಯಲ್ಲಿ ಹಾಕಿಕೊಂಡು ನನ್ನದೆಂದು ಮೆರೆಯುವವಳಂತೆ, ಪೌಲನ ವಿಶ್ವಾಸವನ್ನೂ ದಾವೀದನ ಪಶ್ಚಾತ್ತಾಪವನ್ನೂ ಬಾಯಲ್ಲಿ ಧರಿಸಿಕೊಂಡಿದ್ದೆನಲ್ಲಾ ಎಂದು ತಿಳಿದುಕೊಂಡಳು. ಈ ತಿಳುವಳಿಕೆಯೇ ಅವಳ ರಕ್ಷಣೆಯ ಆರಂಭವಾಯಿತು.

ಈ ಜನರು ತಮ್ಮನ್ನು ‘ಸ್ನೇಹಿತರು’ ಎಂದು ಕರೆದುಕೊಂಡರು. 1650ರಲ್ಲಿ ಡಾರ್ಬಿ ಎಂಬ ಊರಿನಲ್ಲಿ ಫಾಕ್ಸನು ತನ್ನ ನ್ಯಾಯಾಧಿಪತಿಗೆ ದೇವರ ವಾಕ್ಯಕ್ಕೆ ನಡುಗಬೇಕೆಂದು ಹೇಳಲಾಗಿ, ಆ ನ್ಯಾಯಾಧಿಪತಿಯು ಹಾಸ್ಯಮಾಡಿ ಅವರಿಗೆ ಕ್ವೇಕರರು, ಅಂದರೆ ನಡುಗುವವರು, ಎಂಬ ಹೆಸರನ್ನಿಟ್ಟನು. ಅವರ ಬರಹಗಳಿಂದ ನಾವು ಕಲಿಯತಕ್ಕ ಮೂರು ಸಂಗತಿಗಳನ್ನು ನೋಡೋಣ.

ಒಂದನೆಯದಾಗಿ, ಅವರು ತಾವು ಕಂಡದ್ದನ್ನು ಬರೆದರು.

ಬರೆದವರು ಯಾರು? ಹೆಚ್ಚಿನವರು ಒಕ್ಕಲಿಗರು, ಕೈಗೆಲಸದವರು, ಅಂಗಡಿಯವರು, ಮನೆಗೆಲಸದ ಸ್ತ್ರೀಯರು. ಜೇಮ್ಸ್ ನೇಲರ್ ಎಂಬವನು ನೇಗಿಲು ಹಿಡಿದು ಉಳುತ್ತಿದ್ದಾಗ ದೇವರ ಕರೆಯನ್ನು ಕೇಳಿದೆನೆಂದು ನ್ಯಾಯಾಧಿಪತಿಗಳ ಮುಂದೆ ಹೇಳಿದನು. ಎಡ್ವರ್ಡ್ ಬರೋ ಎಂಬವನು ಬೇಸಾಯಗಾರನ ಮಗನು. 20 ವರುಷದ ಹುಡುಗನಾಗಿಯೇ ಸಾರುವದಕ್ಕೂ ಬರೆಯುವದಕ್ಕೂ ಹೊರಟನು. ಮುಂದೆ ವಿಲಿಯಂ ಪೆನ್, ರಾಬರ್ಟ್ ಬಾರ್ಕ್ಲೇ ಮೊದಲಾದ ವಿದ್ಯಾವಂತರೂ ಕೂಡಿಕೊಂಡರು. ಬಾರ್ಕ್ಲೇಯು ಸ್ನೇಹಿತರ ಬೋಧನೆಯನ್ನು ಕ್ರಮವಾಗಿ ವಿವರಿಸುವ ದೊಡ್ಡ ಗ್ರಂಥವನ್ನು 1676ರಲ್ಲಿ ಲ್ಯಾಟಿನ್ ಭಾಷೆಯಲ್ಲಿಯೂ 1678ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟಿಸಿದನು. ಆದರೆ ಮೊದಲಿನ ಬರಹಗಾರರಿಗೆ ಅಂಥ ಪಾಂಡಿತ್ಯವಿರಲಿಲ್ಲ.

ಅವರು ಬರೆದವುಗಳು ಬಹುಮಟ್ಟಿಗೆ ಸಣ್ಣ ಪುಸ್ತಿಕೆಗಳು. ಒಂದು ದೊಡ್ಡ ಹಾಳೆಯನ್ನು ಎರಡು ಸಾರಿ ಮಡಚಿದರೆ 4 ಎಲೆ, 8 ಪುಟಗಳಾಗುತ್ತವಲ್ಲಾ. ಅನೇಕ ಪುಸ್ತಿಕೆಗಳು ಅಷ್ಟೇ. ಲಂಡನ್ ಪಟ್ಟಣದಲ್ಲಿ ಸಂತ ಪೌಲನ ದೊಡ್ಡ ದೇವಾಲಯದ ಸಮೀಪ ಜೈಲ್ಸ್ ಕಾಲ್ವರ್ಟ್ ಎಂಬ ಪುಸ್ತಕ ವ್ಯಾಪಾರಿಯಿದ್ದನು. ರೆಕ್ಕೆ ಚಾಚಿದ ಕರೀ ಹದ್ದಿನ ಗುರುತು ಅವನ ಅಂಗಡಿಯ ಮುಂದೆ ಇತ್ತು. ಅವನ ಮೂಲಕ ಇಂಥ ಪುಸ್ತಿಕೆಗಳು ನೂರಾರು ಹೊರಟವು. ಸ್ನೇಹಿತರು ಇಬ್ಬಿಬ್ಬರಾಗಿ ಊರೂರು ತಿರುಗಿ ಅವುಗಳನ್ನು ಸಂತೆಯಲ್ಲಿ, ದೇವಾಲಯದ ಬಾಗಲಲ್ಲಿ, ಸೆರೆಮನೆಯಲ್ಲಿ ಹಂಚಿದರು. ಮಾರ್ಗರೆಟ್ ಫೆಲ್ಲಳ ಮನೆಯು ಅವರೆಲ್ಲರ ಅಂಚೆಮನೆಯಂತಾಯಿತು. ಅವರ ಪತ್ರಗಳು ಅಲ್ಲಿಗೆ ಬಂದು ಕೂಡಿದವು. ಪ್ರಯಾಣ ಮಾಡುವವರ ಬಟ್ಟೆಗೂ ಪಾದರಕ್ಷೆಗೂ ಬೇಕಾದ ಹಣವನ್ನು ಅವಳೇ ಮುಂದೆ ನಿಂತು ಸಭೆಗಳಿಂದ ಕೂಡಿಸಿದಳು. ನಮ್ಮ ನಾಡಿನಲ್ಲಿಯೂ 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ಅಚ್ಚುಕೂಟವನ್ನು ಸ್ಥಾಪಿಸಿದ ಮೇಲೆ ಸಣ್ಣ ಪುಸ್ತಿಕೆಗಳು ಹಳ್ಳಿಹಳ್ಳಿಗೆ ನಡೆದುಹೋದದ್ದರಿಂದ, ಒಂದು ಮಡಚಿದ ಹಾಳೆಯ ಬಲವು ಎಷ್ಟೆಂದು ನಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆ ಬರಹಗಳಲ್ಲಿ ಒರಟು ಮಾತೂ ಉಂಟು, ಒಂದೇ ಸಂಗತಿಯನ್ನು ಮತ್ತೆ ಮತ್ತೆ ಹೇಳುವದೂ ಉಂಟು, ಎದುರಾಳಿಗಳನ್ನು ಕಠಿಣವಾಗಿ ಗದರಿಸುವದೂ ಉಂಟು. ಆದರೂ ಓದುವವನಿಗೆ ಒಂದು ಸ್ಪಷ್ಟವಾಗುತ್ತದೆ: ಬರೆದವನು ಕೇಳಿದ ಸುದ್ದಿಯನ್ನು ಹೇಳುತ್ತಿಲ್ಲ, ತನಗೆ ಆದದ್ದನ್ನು ಹೇಳುತ್ತಿದ್ದಾನೆ. ಹುಟ್ಟುಕುರುಡನು ಪರಿಸಾಯರ ಮುಂದೆ ನಿಂತಾಗ ಅವನಿಗೂ ಶಾಸ್ತ್ರಜ್ಞಾನವಿರಲಿಲ್ಲ. ಮೊದಲು ಕುರುಡನಾಗಿದ್ದೆನು, ಈಗ ಕಾಣುತ್ತೇನೆ ಎಂಬದಷ್ಟೇ ಅವನಿಗೆ ಗೊತ್ತಿತ್ತು. ಆ ಒಂದು ಸಾಕ್ಷಿಯನ್ನು ಪಂಡಿತರೆಲ್ಲಾ ಕೂಡಿಯೂ ಅಲ್ಲಗಳೆಯಲಾರದೆ ಹೋದರು.

ಎರಡನೆಯದಾಗಿ, ಅವರು ಬರೆದಂತೆ ನಡೆದರು. ಅದಕ್ಕೆ ಕ್ರಯ ಕೊಟ್ಟರು.

ಆ ಕಾಲದ ಇಂಗ್ಲಿಷಿನಲ್ಲಿಯೂ ನಮ್ಮ ಕನ್ನಡದಲ್ಲಿರುವಂತೆ ಒಬ್ಬನನ್ನು ಮಾತಾಡಿಸುವದಕ್ಕೆ ಎರಡು ಶಬ್ದಗಳಿದ್ದವು. ‘ದೌ’ ಎಂಬದು ನಮ್ಮ ‘ನೀನು’. ‘ಯು’ ಎಂಬದು ನಮ್ಮ ‘ನೀವು’. ಐಶ್ವರ್ಯವಂತನಿಗೆ ‘ನೀವು’, ಆಳಿಗೆ ‘ನೀನು’. ದೇವರ ಮುಂದೆ ಮನುಷ್ಯರೆಲ್ಲರೂ ಒಂದೇ ಎಂದು ಬರೆದ ಕೈಯಿಂದ ಈ ಭೇದವನ್ನು ಹೇಗೆ ನಡಿಸುವದು? ಆದಕಾರಣ ಸ್ನೇಹಿತರು ನ್ಯಾಯಾಧಿಪತಿಗೂ ಜಮೀನುದಾರನಿಗೂ ‘ನೀನು’ ಎಂದೇ ಹೇಳಿದರು. ಯಾರ ಮುಂದೆಯೂ ಟೊಪ್ಪಿಗೆಯನ್ನು ತೆಗೆಯಲಿಲ್ಲ. ಈ ಒಂದು ಶಬ್ದದ ವಿಷಯವಾಗಿಯೇ ಅನೇಕ ಭಾಷೆಗಳಿಂದ ಉದಾಹರಣೆಗಳನ್ನು ಕೂಡಿಸಿ 1660ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಅಚ್ಚುಹಾಕಿಸಿದರು. ಥಾಮಸ್ ಎಲ್‌ವುಡ್ ಎಂಬ ಯೌವನಸ್ಥನು ತನ್ನ ತಂದೆಗೆ ‘ನೀನು’ ಎಂದದ್ದಕ್ಕಾಗಿ ತಂದೆಯ ಕೈಯಿಂದಲೇ ಪೆಟ್ಟು ತಿಂದನು. ಫಾಕ್ಸನ ದಿನಚರಿಯನ್ನು ಅಚ್ಚಿಗೆ ಸಿದ್ಧಮಾಡಿದವನು ಇವನೇ.

ಸಹೋದರರೇ, ಈ ಸಂಗತಿಯು ನಮಗೆ ದೂರದ್ದಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಬಿಳೀ ಕೂದಲು ಬಂದ ಮೇಲೆಯೂ ದೊಡ್ಡವರ ಮನೆಯ ಚಿಕ್ಕ ಹುಡುಗರಿಂದ ‘ಏ, ಬಾರೋ’ ಎನ್ನಿಸಿಕೊಂಡವರು. ಆ ಮುಳ್ಳು ಎಲ್ಲಿ ಚುಚ್ಚುತ್ತದೆಂದು ನಾವು ಬಲ್ಲೆವು. ಬಲ್ಲ ನಾವು ಏನು ಮಾಡುತ್ತೇವೆ? ಸಭೆಗೆ ಸರಕಾರಿ ಕೆಲಸದವರು ಬಂದರೆ ‘ಬನ್ನಿ, ಕೂತುಕೊಳ್ಳಿ’ ಎನ್ನುತ್ತೇವೆ. ಹರಕು ಬಟ್ಟೆಯವನು ಬಂದರೆ ‘ಅಲ್ಲಿ ಕೂತುಕೋ’ ಎನ್ನುತ್ತೇವೆ. ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಇದನ್ನೇ ಗದರಿಸಿದ್ದಾನೆ. ಸ್ನೇಹಿತರಂತೆ ನಾವೂ ಎಲ್ಲರಿಗೂ ‘ನೀನು’ ಎನ್ನಬೇಕೆಂದು ನಾನು ಹೇಳುವದಿಲ್ಲ. ಅವರು ದೊಡ್ಡವನನ್ನು ಇಳಿಸಿ ಸಮಮಾಡಿದರು. ನಾವು ಚಿಕ್ಕವನನ್ನು ಏರಿಸಿ ಸಮಮಾಡಬಹುದಲ್ಲಾ. ಕೂಲಿಯ ಹೆಂಗಸಿಗೂ ‘ಬನ್ನಿರಿ ಅಮ್ಮಾ’ ಎನ್ನುವದಕ್ಕೆ ನಮಗೆ ಕಾಸು ಖರ್ಚಾಗುವದಿಲ್ಲ. ‘ನೀನು’ ಎಂಬ ಮಾತನ್ನಾದರೋ ನಾವು ಪ್ರಾರ್ಥನೆಯಲ್ಲಿ ದೇವರಿಗೇ ಹೇಳುತ್ತೇವೆ. ಅದು ಪ್ರೀತಿಯ ಮಾತು, ಅದನ್ನು ತಿರಸ್ಕಾರದ ಮಾತಾಗಿ ಮಾಡಬಾರದು.

ಆಣೆಯಿಡಬಾರದೆಂದು ಕರ್ತನು ಬೆಟ್ಟದ ಪ್ರಸಂಗದಲ್ಲಿ ಹೇಳಿದ್ದನ್ನು ಸ್ನೇಹಿತರು ಅಕ್ಷರಶಃ ಕೈಕೊಂಡು ನ್ಯಾಯಸ್ಥಾನದಲ್ಲಿಯೂ ಆಣೆಯಿಡಲಿಲ್ಲ. ಕತ್ತಿ ಹಿಡಿಯಲಿಲ್ಲ. 1661ನೆಯ ಜನವರಿಯಲ್ಲಿ ಲಂಡನಿನಲ್ಲಿ ಬೇರೆ ಕೆಲವರು ದಂಗೆಯೆದ್ದಾಗ ಸಾವಿರಾರು ಸ್ನೇಹಿತರನ್ನೂ ಅನುಮಾನದಿಂದ ಸೆರೆಗೆ ಹಾಕಿದರು. ಆಗ ಅವರಲ್ಲಿ 12 ಮಂದಿ ಕೂಡಿ, ಯಾವ ಕಾರಣಕ್ಕೂ ತಾವು ಆಯುಧ ಹಿಡಿದು ಯುದ್ಧ ಮಾಡುವದಿಲ್ಲವೆಂಬ ಪ್ರಕಟನೆಯನ್ನು ಬರೆದು ಎರಡನೆಯ ಚಾರ್ಲ್ಸ್ ಅರಸನಿಗೆ ಒಪ್ಪಿಸಿದರು. 1662ರಲ್ಲಿ ಅವರ ವಿರುದ್ಧವಾಗಿಯೇ ಒಂದು ಕಾಯಿದೆ ಹುಟ್ಟಿತು. 1689ರಲ್ಲಿ ಸಹನೆಯ ಕಾಯಿದೆಯಾಗುವ ವರೆಗೆ ಸೆರೆಮನೆಗಳಲ್ಲಿ ಸತ್ತವರು ನೂರಾರು ಮಂದಿ. ಬರೋ ಎಂಬ ಆ ರೈತನ ಮಗನು 30 ವರುಷ ತುಂಬುವದರೊಳಗೆ, 1663ರಲ್ಲಿ, ಲಂಡನಿನ ನ್ಯೂಗೇಟ್ ಸೆರೆಮನೆಯಲ್ಲಿ ತೀರಿಕೊಂಡನು.

ಅವನು ಸಾಯುವ ಮೊದಲು ಮಾಡಿದ ಒಂದು ಕೆಲಸವನ್ನು ಮರೆಯಬಾರದು. ಅಮೇರಿಕದ ಬಾಸ್ಟನ್ ಪಟ್ಟಣದಲ್ಲಿ, ತಾವೇ ಹಿಂಸೆಗೆ ಬೇಸತ್ತು ಇಂಗ್ಲೆಂಡನ್ನು ಬಿಟ್ಟುಹೋಗಿದ್ದ ಕ್ರೈಸ್ತರೇ, ಸ್ನೇಹಿತರನ್ನು ಗಲ್ಲಿಗೇರಿಸಿದರು. 1659ರಿಂದ 1661ರ ವರೆಗೆ ನಾಲ್ವರು ಹಾಗೆ ಸತ್ತರು; ಅವರಲ್ಲಿ ಮೇರಿ ಡೈಯರ್ ಎಂಬ ತಾಯಿಯೂ ಒಬ್ಬಳು. ಬರೋ ಈ ಹಿಂಸೆಯ ವೃತ್ತಾಂತವನ್ನು ಬರೆದು ಅಚ್ಚುಹಾಕಿಸಿ, ಅರಸನ ಸನ್ನಿಧಿಗೆ ಹೋಗಿ ಬೇಡಿಕೊಂಡನು. ಅರಸನು ಆ ಮರಣದಂಡನೆಯನ್ನು ನಿಲ್ಲಿಸಬೇಕೆಂದು ಆಜ್ಞಾಪತ್ರವನ್ನು ಕೊಟ್ಟನು. ಅದನ್ನು ಹಡಗಿನಲ್ಲಿ ತಕ್ಕೊಂಡುಹೋಗಿ ಬಾಸ್ಟನಿನ ಅಧಿಪತಿಯ ಕೈಗೆ ಕೊಟ್ಟವನು ಸಾಮ್ಯುವೆಲ್ ಶಾಟಕ್. ಆ ಸೀಮೆಯವರೇ ಹೊರಗೆ ಅಟ್ಟಿದ್ದ ಸ್ನೇಹಿತನು!

ಮಾರ್ಗರೆಟ್ ಫೆಲ್ಲಳೂ ಆಣೆಯಿಡಲೊಲ್ಲದ ಕಾರಣ 1664ರಿಂದ 1668ರ ವರೆಗೆ ಲ್ಯಾಂಕಾಸ್ಟರ್ ಕೋಟೆಯ ಸೆರೆಯಲ್ಲಿದ್ದಳು. ಫಾಕ್ಸನೂ ಕೆಲವು ಕಾಲ ಅದೇ ಕೋಟೆಯಲ್ಲಿದ್ದನು. ಅವನ ಕೋಣೆಯಲ್ಲಿ ಹೊಗೆ ಕವಿಯುತ್ತಿತ್ತು, ಹಾಸಿಗೆಯ ಮೇಲೆ ಮಳೆಯ ನೀರು ಬೀಳುತ್ತಿತ್ತು. ಆ ಸೆರೆಯಿಂದ ಮಾರ್ಗರೆಟಳು 1666ರಲ್ಲಿ ಒಂದು ಪುಸ್ತಿಕೆಯನ್ನು ಹೊರಡಿಸಿ, ಸ್ತ್ರೀಯರೂ ಕರ್ತನ ಮಾತನ್ನು ಹೇಳಬಹುದೆಂದು ವೇದದಿಂದಲೇ ತೋರಿಸಿದಳು. ಸಮಾರ್ಯದ ಸ್ತ್ರೀಯು ತನ್ನ ಊರಿನವರಿಗೆ ಸಾರಲಿಲ್ಲವೋ? ಪುನರುತ್ಥಾನದ ಸುದ್ದಿಯನ್ನು ಮೊದಲು ಹೊತ್ತವಳು ಮಗ್ದಲದ ಮರಿಯಳಲ್ಲವೋ? ಪ್ರಿಸ್ಕಿಲ್ಲಳು ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ವಿವರಿಸಲಿಲ್ಲವೋ? ಹದಿನಾಲ್ಕು ವರುಷಗಳ ಹಿಂದೆ ದೇವಾಲಯದಲ್ಲಿ ಮಾತಿಲ್ಲದೆ ಕೂತು ಅತ್ತವಳಿಗೆ ಈಗ ತನ್ನದೇ ಆದ ಮಾತು ಉಂಟಾಗಿತ್ತು.

ಮೂರನೆಯದಾಗಿ, ಅವರು ತಮ್ಮ ಬೆಳಕನ್ನು ಪರೀಕ್ಷೆಗೆ ಒಪ್ಪಿಸಲು ಕಲಿತರು.

ಇಲ್ಲಿ ಎಚ್ಚರಿಕೆಯ ಮಾತು ಬೇಕು. ನನ್ನೊಳಗೆ ಬೆಳಕಿದೆ ಎಂದು ಹೇಳುವವನು ತನ್ನ ಮನಸ್ಸಿನ ಮಿಣುಕನ್ನೇ ದೇವರ ಸೂರ್ಯನೆಂದು ಎಣಿಸುವ ಅಪಾಯವುಂಟು. ನೇಗಿಲನ್ನು ಬಿಟ್ಟುಬಂದ ಜೇಮ್ಸ್ ನೇಲರನು ಎಲ್ಲರಿಗಿಂತ ಸೊಗಸಾಗಿ ಬೋಧಿಸುವವನಾಗಿದ್ದನು. ಹೊಗಳುವವರು ಅವನ ಸುತ್ತಲೂ ಕೂಡಿದರು. 1656ರಲ್ಲಿ ಅವನು ಬ್ರಿಸ್ಟಲ್ ಪಟ್ಟಣದೊಳಗೆ ಕುದುರೆಯ ಮೇಲೆ ಬರಲು, ಕರ್ತನು ಯೆರೂಸಲೇಮನ್ನು ಪ್ರವೇಶಿಸಿದಾಗ ಹಾಡಿದಂತೆಯೇ ಅವರು ಅವನ ಮುಂದೆ ಹಾಡಿದರು, ಅವನು ತಡೆಯಲಿಲ್ಲ. ಅದಕ್ಕಾಗಿ ಪಾರ್ಲಿಮೆಂಟು ಅವನಿಗೆ ಕ್ರೂರವಾದ ಶಿಕ್ಷೆ ವಿಧಿಸಿತು: ಚಾಟಿಯಿಂದ ಹೊಡೆದು, ಕಾದ ಕಬ್ಬಿಣದಿಂದ ನಾಲಿಗೆಯನ್ನು ಚುಚ್ಚಿ, ಹಣೆಗೆ ಬರೆಯಿಟ್ಟು ಸೆರೆಗೆ ಹಾಕಿದರು. ಆ ಶಿಕ್ಷೆಯು ನ್ಯಾಯವೆಂದು ಯಾರು ಹೇಳಬಲ್ಲರು? ಆದರೆ ನೇಲರನು ಸೆರೆಯಲ್ಲಿ ತನ್ನ ತಪ್ಪನ್ನು ಕಂಡನು. ತಾನು ಬೆಳಕನ್ನು ಬಿಟ್ಟು ಕತ್ತಲೆಗೆ ಒಳಗಾದೆನೆಂದು ಬಹಿರಂಗವಾಗಿ ಬರೆದು ಒಪ್ಪಿಕೊಂಡನು. 1659ರಲ್ಲಿ ಬಿಡುಗಡೆಯಾಗಿ, ಫಾಕ್ಸನೊಂದಿಗೆ ಸಮಾಧಾನವಾಗಿ, 1660ರಲ್ಲಿ ಕಾಲ್ನಡೆಯಿಂದ ತನ್ನ ಊರಿಗೆ ಹೋಗುವಾಗ ಕಳ್ಳರ ಕೈಗೆ ಸಿಕ್ಕಿ ಸತ್ತನು. ಅವನು ಎದ್ದುನಿಂತಾಗ ಬರೆದವುಗಳಿಗಿಂತ ಬಿದ್ದೆದ್ದ ಮೇಲೆ ಬರೆದವುಗಳೇ ನನ್ನ ಮನಸ್ಸಿಗೆ ಹೆಚ್ಚು ತಾಕುತ್ತವೆ.

ಇಂಥ ಅನುಭವಗಳಿಂದ ಸ್ನೇಹಿತರು ಬುದ್ಧಿ ಕಲಿತರು. 1673ರಿಂದ ಲಂಡನಿನಲ್ಲಿ ಸೋಮವಾರ ಬೆಳಿಗ್ಗೆ ಕೆಲವರು ಕೂಡಿ, ಅಚ್ಚಿಗೆ ಹೋಗತಕ್ಕ ಬರಹಗಳನ್ನು ಮೊದಲು ಓದಿ ನೋಡುವ ಕ್ರಮವನ್ನು ಇಟ್ಟರು. ಒಬ್ಬನಿಗೆ ತೋರಿದ್ದು ಸತ್ಯವಾದರೆ ಸಹೋದರರ ಮುಂದೆಯೂ ಅದು ನಿಲ್ಲುವದು. ಆದರೂ ಅವರೂ ಎಲ್ಲವನ್ನೂ ಒಡನೆ ಕಾಣಲಿಲ್ಲ. ಮನುಷ್ಯರನ್ನು ದಾಸರಾಗಿ ಕೊಳ್ಳುವದೂ ಮಾರುವದೂ ತಪ್ಪೆಂದು ಅಮೇರಿಕದ ಜರ್ಮನ್‌ಟೌನಿನಲ್ಲಿ ನಾಲ್ವರು 1688ರಲ್ಲಿ ಬರೆದುಕೊಟ್ಟರು. ದೊಡ್ಡ ಸಭೆಯು ಅದನ್ನು ಬದಿಗಿಟ್ಟಿತು. ದಾಸರನ್ನು ಇಟ್ಟುಕೊಂಡವನು ತಮ್ಮ ಸಭೆಯಲ್ಲಿ ಇರಕೂಡದೆಂದು ಫಿಲಡೆಲ್ಫಿಯದ ಸಭೆಯು ನಿರ್ಣಯಿಸಿದ್ದು 1776ರಲ್ಲಿ. 88 ವರುಷ ಆ ಕಾಗದವು ಕಾದಿತ್ತು! ಬರೆಯುವದು ಒಂದು ದಿನದ ಕೆಲಸ. ಬರೆದಂತೆ ನಡೆಯುವದಕ್ಕೆ ಭಕ್ತರಿಗೂ ಎಷ್ಟು ಕಾಲ ಹಿಡಿಯುತ್ತದೆ ನೋಡಿರಿ.

ಎಲ್ಲದರಲ್ಲಿಯೂ ನಾವು ಅವರೊಂದಿಗೆ ಸಮ್ಮತಿಸುವದಿಲ್ಲ. ಅವರು ನೀರಿನ ದೀಕ್ಷಾಸ್ನಾನವನ್ನೂ ರೊಟ್ಟಿ ದ್ರಾಕ್ಷಾರಸಗಳ ಪವಿತ್ರ ಭೋಜನವನ್ನೂ ನಡಿಸುವದಿಲ್ಲ; ನಾವು ಅವುಗಳನ್ನು ಕರ್ತನ ನೇಮಕವೆಂದು ಕೈಕೊಳ್ಳುತ್ತೇವೆ. ಅವರು ಒಳಗಿನ ಆತ್ಮನ ನಡಿಸುವಿಕೆಯನ್ನು ಮೊದಲಿಟ್ಟು ಶಾಸ್ತ್ರವನ್ನು ಅದರ ಕೆಳಗೆ ಇಟ್ಟರು. ನಾವು ಶಾಸ್ತ್ರವನ್ನು ಅಳತೆಗೋಲಾಗಿ ಹಿಡಿಯುತ್ತೇವೆ. ಆದರೂ ಶಾಸ್ತ್ರವನ್ನು ಹಿಡಿದವರು ಕ್ರಿಸ್ತನನ್ನೂ ಹಿಡಿದಿದ್ದಾರೆಂದು ತಿಳಿಯಬೇಡಿರಿ. ಶಾಸ್ತ್ರಗಳನ್ನು ಶೋಧಿಸಿದರೂ ಜೀವಕ್ಕಾಗಿ ತನ್ನ ಬಳಿಗೆ ಬರಲೊಲ್ಲದವರ ವಿಷಯವಾಗಿ ಕರ್ತನೇ ದುಃಖಪಟ್ಟು ಮಾತಾಡಿದ್ದು ಯೋಹಾನನ 5ನೆಯ ಅಧ್ಯಾಯದಲ್ಲಿದೆ. ಬಾವಿಯ ದಾರಿಯನ್ನು ಬಲ್ಲವನ ಬಾಯಾರಿಕೆ ಅಷ್ಟರಿಂದ ತೀರುವದೋ? ಕೊಡವನ್ನು ಇಳಿಸಿ ಸೇದಿ ಕುಡಿಯಬೇಕು.

ಈಗ ನನ್ನ ಮಾತಿಗೆ ತಿರಿಗಿ ಬರುತ್ತೇನೆ. ಅಜ್ಜಿಗೆ ಉತ್ತರ ಕೊಡದೆ ಈ ಪ್ರಸಂಗವನ್ನು ಮುಗಿಸಲಾರೆನು. ಆ ರಾತ್ರಿ ಕಳೆದು ಮೂರನೆಯ ದಿನ ನಾನು ಅಣ್ಣನ ಮನೆಗೆ ಹೋದೆನು. ದಾರಿಯಲ್ಲಿ ಎರಡು ಸಾರಿ ಹಿಂದಕ್ಕೆ ತಿರುಗಬೇಕೆಂದು ಮನಸ್ಸಾಯಿತು. ಅವನು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಾ ಕೂತಿದ್ದನು. “ಅಣ್ಣಾ, ನಾನು ನಿನಗೆ ಆಡಿದ ಮಾತು ತಪ್ಪು” ಎಂದೆನು. ಅವನು ತಲೆಯೆತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗೆ ನೋಡಿ, “ತಮ್ಮ ಬಂದಿದಾನೆ, ನೀರು ಕೊಡೇ” ಎಂದು ಅತ್ತಿಗೆಗೆ ಹೇಳಿದನು. ಅಷ್ಟೇ ಆದದ್ದು. ಬದುವಿನ ಕಲ್ಲು ಈಗಲೂ ಇದ್ದಲ್ಲೇ ಇದೆ. ಅದರ ವಿಷಯವಾಗಿ ನಮ್ಮ ಎಣಿಕೆಗಳು ಈಗಲೂ ಬೇರೆ ಬೇರೆ. ಆದರೆ ಆ ಚೊಂಬು ನೀರನ್ನು ಕುಡಿದ ಮೇಲೆ ಕ್ಷಮೆಯೆಂಬ ಮಾತು ನನ್ನ ಬಾಯಲ್ಲಿ ಎರವಲು ಒಡವೆಯಾಗಿ ಉಳಿಯಲಿಲ್ಲ. ಮುಂದಿನ ಸಂಜೆಯ ಪ್ರಾರ್ಥನೆಯಲ್ಲಿ ಪುಸ್ತಕವನ್ನು ಮುಚ್ಚಿಟ್ಟು ಇದಿಷ್ಟನ್ನೇ ಹೇಳಿದೆನು. ಅಜ್ಜಿಯು ತಲೆಯಾಡಿಸಿದಳು.

ಆದದರಿಂದ ಪ್ರಿಯರೇ, ನಮಗೆ ಅಚ್ಚುಕೂಟವಿಲ್ಲ, ಬರೆಯುವ ವಿದ್ಯೆ ಅನೇಕರಿಗಿಲ್ಲ ಎಂದು ಕುಗ್ಗಬೇಡಿರಿ. ನಿಮ್ಮ ಊರಿನಲ್ಲಿ ಸತ್ಯವೇದವನ್ನು ಎಂದೂ ತೆರೆಯದವರು ನಿಮ್ಮನ್ನು ದಿನಾಲು ಓದುತ್ತಿದ್ದಾರೆ. ಸಂತೆಯಲ್ಲಿ ನಿಮ್ಮ ತಕ್ಕಡಿಯನ್ನು ಓದುತ್ತಾರೆ. ಸಾಲ ತೀರಿಸುವ ನಿಮ್ಮ ಗಡುವನ್ನು ಓದುತ್ತಾರೆ. ಸೊಸೆಯನ್ನು ನೀವು ಕರೆಯುವ ಸ್ವರವನ್ನು ಓದುತ್ತಾರೆ. ಈ ವಾರ ಒಂದು ಕೆಲಸ ಮಾಡಿರಿ. ರಾತ್ರಿ ದೀಪ ಆರಿಸುವ ಮುಂಚೆ ಸುಮ್ಮನೆ ಸ್ವಲ್ಪ ಹೊತ್ತು ಕೂತುಕೊಂಡು, ಕರ್ತನ ವಿಷಯವಾಗಿ ನಾನು ಕೇಳಿದ್ದನ್ನು ಬಿಟ್ಟು ನಾನೇ ಕಂಡದ್ದು ಏನು ಎಂದು ನಿಮ್ಮನ್ನು ಕೇಳಿಕೊಳ್ಳಿರಿ. ಹೇಳುವದಕ್ಕೆ ಏನಾದರೂ ಇದ್ದರೆ ಅದು ಎಷ್ಟು ಅಲ್ಪವಾದರೂ ಮನೆಯವರಿಗೆ ಹೇಳಿರಿ. ಏನೂ ಇಲ್ಲದಿದ್ದರೆ ಮಾರ್ಗರೆಟ್ ಫೆಲ್ಲಳಂತೆ ಅಳುವದಕ್ಕೆ ನಾಚಬೇಡಿರಿ. ಆ ಅಳುವನ್ನು ಕರ್ತನು ತಳ್ಳಿಬಿಡುವದಿಲ್ಲ.

ಪ್ರಾರ್ಥಿಸೋಣ. ಕರ್ತನೇ, ನಿನ್ನ ಮಾತನ್ನು ನಾವು ಬಾಯಲ್ಲಿ ಮಾತ್ರ ಹೊತ್ತು ತಿರುಗಿದ್ದೇವೆ, ಕ್ಷಮಿಸು. ನಮ್ಮ ಹೃದಯವೆಂಬ ಹಲಗೆಯ ಮೇಲೆ ನೀನೇ ಬರೆ. ನಾವು ಯಾರನ್ನು ಕೀಳಾಗಿ ಕರೆದೆವೋ ಅವರ ಮುಂದೆ ನಮ್ಮನ್ನು ತಗ್ಗಿಸು. ಯಾರ ಮನೆಗೆ ಹೋಗದೆ ಇದ್ದೇವೋ ಅವರ ಬಾಗಲಿಗೆ ನಮ್ಮನ್ನು ನಡಿಸು. ಆಮೆನ್.